ಬರಿಪಾವಿಗೆ ಹಾಕಿದ ಒಂದು ಅವರೆಕಾಳು

ನಮ್ಮ ಕಡೆಯ ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಹುಣಸೂರು ತಾಲ್ಲೂಕಿನ ಮೂಲೆಯ ಹಳ್ಳಿಯೊಂದರ ರೈತ ಪುಟ್ಟಮಲ್ಲಪ್ಪ ಮಾಡುವ ಅನಂತ ನಮಸ್ಕಾರಗಳು. ಧೂಳಿನ ದಾರಿಯಲ್ಲಿ ಸೈಕಲ್ಲು ತುಳಿದು ಬಂದು, ನಮ್ಮ ಮಕ್ಕಳಿಗೆ ಕೂಡುವ ಲೆಕ್ಕದ ಪರೀಕ್ಷೆ ಮಾಡಿ, ನನ್ನ ಮಗಳು ನೀಲಾಂಬಿಕೆಯನ್ನು ಎರಡನೇ ಕ್ಲಾಸಿನಲ್ಲೇ ಉಳಿಸಿದ ತಮ್ಮ ಉಪಕಾರವನ್ನು ನಾವು ಈ ಜನ್ಮದಲ್ಲಿ ತೀರಿಸಲಾರೆವು.

ಮೂರಕ್ಕೆ ಒಂದು ಕೂಡಿಸಿದರೂ ಒಂದಕ್ಕೆ ಮೂರು ಕೂಡಿಸಿದರೂ ನಾಲ್ಕೇ ಎಂದು ತಾವು ಮೊದಲಿಗೆ ಅಪ್ಪಣೆ ಕೊಡಿಸಿದಿರಂತೆ. ಆಮೇಲೆ ಕಾಳು ಅಳೆಯುವ ಎರಡು ಪಾವು ತರಿಸಿ, ಒಂದರಲ್ಲಿ ನಾಲ್ಕು ಅವರೆಕಾಳು ಹಾಕಿ, ಇನ್ನೊಂದನ್ನು ಬರಿದಾಗಿ ಬಿಟ್ಟು, ಎರಡೂ ಸೇರಿ ಎಷ್ಟೆಂದು ಹೇಳಿ ಪಾವುಗಳನ್ನು ವಾಪಸು ಕೊಡುವಂತೆ ನೀಲಾಂಬಿಕೆಗೆ ಹೇಳಿದಿರಿ. ಸೊನ್ನೆ ಕೂಡಿಸಿದರೆ ಸಂಖ್ಯೆ ಬದಲಾಗದೆಂದು ಅವಳ ಬಾಯಿಂದ ಹೊರಡಿಸುವುದು ತಮ್ಮ ಇರಾದೆ. ನಮ್ಮಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಹಿಡಿ ಕಾಳನ್ನೋ ಬೆಲ್ಲದ ಚೂರನ್ನೋ ಹಾಕಿಯೇ ಕೊಡುತ್ತೇವೆ. ಹುಡುಗಿ ನಾಚಿಕೊಂಡು, ನಾಲ್ಕರಲ್ಲಿ ಒಂದು ಕಾಳು ತೆಗೆದು ಬರಿಪಾವಿಗೆ ಹಾಕಿ, “ನಾಕೇ ಸೋಮಿ, ಬರೀ ಪಾವ ಎಂಗೆ ಕೊಡಾದು?” ಎಂದಳಂತೆ. ಸೊನ್ನೆ ಸೊನ್ನೆಯಾಗಿಯೇ ಇರಬೇಕೆಂದು ತಾವು ಗದರಿ, ಫೇಲು ಎಂದು ಬರೆದಿರಿ. ಮೂರೂ ಒಂದೂ ನಾಲ್ಕೆಂದು ಆಗತಾನೆ ತಾವೇ ಹೇಳಿದ್ದು ತಮ್ಮ ನೆನಪಿನಲ್ಲಿ ಉಳಿಯಬೇಕೆಂಬ ನಿಯಮವೇನೂ ಇಲ್ಲವಲ್ಲ.

ಇಂಥ ವಿದ್ಯೆ ಒಬ್ಬ ಹುಡುಗಿಗೆ ಸಿಕ್ಕರೆ ಸಾಲದು. ಕೃಷ್ಣರಾಜನಗರದ ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೂ ಕೊಸರು ಹಾಕುವ ಹೆಂಗಸರನ್ನೆಲ್ಲ ತಾವು ಫೇಲು ಮಾಡಬೇಕು. ಹಿಂದುಮುಂದು ಮಾಡಿದರೂ ಮೊತ್ತ ಒಂದೇ ಆಗಿರುವುದರಿಂದ, ನಾವು ಮೊದಲು ಕೊಯ್ದು ಆಮೇಲೆ ಬಿತ್ತುವುದಕ್ಕೆ ಸರ್ಕಾರಿ ಹುಕುಂ ಕೊಡಿಸಬೇಕು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ತಮ್ಮ ಎಲೆ ಬರಿದಾದಾಗಲೆಲ್ಲ ಮತ್ತೆ ಅನ್ನ ಬಡಿಸಿದ ನನ್ನ ಹೆಂಡತಿ ಶಿವನಂಜಮ್ಮನ ಮೇಲೂ ಕ್ರಮ ಜರುಗಿಸಬೇಕು. ಆ ಅಪರಾಧವನ್ನು ತಾವು ಬೇಡವೆನ್ನದೆ ಸಹಿಸಿಕೊಂಡದ್ದು ತಮ್ಮ ದೊಡ್ಡ ಗುಣ.

ಒಂದು ಮಾತನ್ನು ಮಾತ್ರ ತಮಾಷೆಯಿಲ್ಲದೆ ಅರಿಕೆ ಮಾಡುತ್ತೇನೆ. “ಫೇಲಾದೋಳಿಗೆ ಇಸ್ಕೂಲ್ ಯಾಕ್ಲಾ, ಒಗೆಸೊಪ್ಪು ಪೋಣಿಸ್ಲಿ ಬುಡು” ಎಂದು, ಅವಳನ್ನು ಹೊಗೆಸೊಪ್ಪಿನ ಕೆಲಸಕ್ಕೆ ಹಚ್ಚಲು ನನ್ನ ತಾಯಿ ಹಟ ಹಿಡಿದಿದ್ದಾರೆ. ಮಗಳು ಓದಬೇಕೆಂಬ ಆಸೆ ನನಗಿದೆ, ಅವಳಿಗೆ ನನಗಿಂತ ಹೆಚ್ಚಾಗಿದೆ. ಆದಕಾರಣ ಇನ್ನೊಮ್ಮೆ ಪರೀಕ್ಷೆ ಮಾಡಿ ಅವಳನ್ನು ಮೂರನೇ ಕ್ಲಾಸಿಗೆ ದಾಟಿಸಬೇಕು.

ಕೂಡುವ ಲೆಕ್ಕದಲ್ಲಿ ಇನ್ನೂ ಪಳಗದ
ತಮ್ಮ ವಿಶ್ವಾಸಿ,
ಪುಟ್ಟಮಲ್ಲಪ್ಪ

ತಾ.ಕ.: ತಾವು ಮತ್ತೆ ದಯಮಾಡಿಸುವ ಶ್ರಮ ಬೇಡವೆಂದು ಈಗ ತೋರುತ್ತಿದೆ. ನಿನ್ನೆ ಪಕ್ಕದ ಮನೆಯ ಸಾಕಮ್ಮನ ಚೊಂಬು ಕೊಟ್ಟು ಬರಲು ಕಳಿಸಿದರೆ, ಅವಳ ಅವ್ವ ಹಾಕಿಕೊಟ್ಟಿದ್ದ ಬೆಲ್ಲವನ್ನು ನೀಲಾಂಬಿಕೆ ತೆಗೆದು ಜಗಲಿಯ ಮೇಲಿಟ್ಟು, ಬರಿ ಚೊಂಬನ್ನು ಕೊಟ್ಟು ಬಂದಳು. ಯಾಕವ್ವ ಎಂದು ಮಗಳನ್ನು ಕೇಳಿದೆ. “ಸಾಯೇಬ್ರು ಬಯ್ತಾರೆ ಕಣಪ್ಪ” ಎಂದಳು. ತಮ್ಮ ಪಾಠ ಅವಳಿಗೆ ಬಂದಿದೆ. ಇನ್ನಾದರೂ ಪಾಸು ಮಾಡಿ.