ಹೊಕ್ಕುಳಲ್ಲಿ ಬಚ್ಚಿಟ್ಟ ಗಾಯ

ಆಪರೇಷನ್ ಮಾಡಿಸಿಕೊಂಡವನಿಗೆ ಊರಿನಲ್ಲಿ ಒಂದು ಮರ್ಯಾದೆ ಇರುತ್ತದೆ. ಆ ಮರ್ಯಾದೆ ಗಾಯದ ಉದ್ದಕ್ಕೆ ತಕ್ಕಂತೆ ಸಿಗುತ್ತದೆ ಎಂಬುದು ನನಗೆ ಗೊತ್ತಾದದ್ದು ನನ್ನ ಪಿತ್ತಕೋಶ ಕಳೆದುಕೊಂಡ ಮೇಲೆ. ನಮ್ಮ ಕಡೆ ಯಾರಿಗಾದರೂ ಹೊಟ್ಟೆ ಕೊಯ್ದರೆ ನೆಂಟರು, ನೆರೆಯವರು ಬ್ರೆಡ್ಡು, ಎಳನೀರು, ಮೋಸಂಬಿ ಹಿಡಿದುಕೊಂಡು ಮಾತನಾಡಿಸಲು ಬರುತ್ತಾರೆ. ಬಂದವರು ಮೊದಲು ಹೇಗಿದ್ದೀರಿ ಎಂದು ಕೇಳುವುದಿಲ್ಲ, ‘ಎಲ್ಲಿ, ತೋರಿಸಿ’ ಎನ್ನುತ್ತಾರೆ. ರೋಗಿ ಅಂಗಿ ಎತ್ತಬೇಕು. ಅವರು ಬಗ್ಗಿ ನೋಡಿ ಲೊಚಗುಟ್ಟಬೇಕು. ಆಮೇಲೆ ತಮ್ಮ ಸೋದರಮಾವನಿಗೋ ಷಡ್ಡಕನಿಗೋ ಇದಕ್ಕಿಂತ ಉದ್ದಕ್ಕೆ ಕೊಯ್ದಿದ್ದನ್ನು ವರ್ಣಿಸಬೇಕು. ಆಗಲೇ ಆಪರೇಷನ್ ಪೂರ್ತಿಯಾದಂತೆ. ಡಾಕ್ಟರು ಮಾಡುವುದು ಅದರ ಮೊದಲರ್ಧ ಮಾತ್ರ.

ನಾನು ಆಂಧ್ರದ ಗಡಿಯೊಳಗಿನ ರಾಯದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಹುಟ್ಟಿದ್ದು ಮಡಕಶಿರದ ಕಡೆ, ರೊಳ್ಳದ ಹತ್ತಿರ. ಮದುವೆಯಾಗಲಿಲ್ಲ. ಯಾಕೆ ಎಂಬುದಕ್ಕೆ ನನ್ನಲ್ಲಿ ಹಲವು ಕಾರಣಗಳಿವೆ. ಕೇಳುವವರ ಮುಖ ನೋಡಿ ಒಂದನ್ನು ಕೊಡುತ್ತೇನೆ. ಅವುಗಳಲ್ಲಿ ನಿಜವಾದದ್ದು ಯಾವುದೆಂದು ಈಗ ನನಗೂ ಮರೆತಿದೆ. ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಬೋಂಡಾ ತಿಂದ ರಾತ್ರಿಗಳಲ್ಲಿ ಸುರುಳಿ ಸುತ್ತಿ ಮಲಗುವಂತಾದಾಗ ಬಳ್ಳಾರಿಯ ಒಂದು ಆಸ್ಪತ್ರೆಗೆ ಹೋದೆ. ಅಲ್ಲೊಂದು ಸಂಶೋಧನೆ ನಡೆಯುತ್ತಿತ್ತು. ಹಿಂದೆ ಪಕ್ಕೆಯ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದರಂತೆ. ಆಮೇಲೆ ನಾಲ್ಕು ಸಣ್ಣ ತೂತುಗಳು ಬಂದವು. ಈಗ ಒಂದೇ ತೂತು, ಅದೂ ಹೊಕ್ಕುಳೊಳಗೇ. ನಾಲ್ಕು ತೂತಿನವರು ಬೇಗ ಚೇತರಿಸಿಕೊಳ್ಳುತ್ತಾರೋ ಒಂದು ತೂತಿನವರೋ, ಯಾರಿಗೆ ನೋವು ಕಡಿಮೆ, ಯಾರ ಗುರುತು ಚೆಂದ ಎಂಬುದು ಅವರ ಪ್ರಶ್ನೆ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ನನಗೆ ಒಂದು ತೂತು ಬಂತು.

‘ಒಣಗಿದ ಮೇಲೆ ನಿಮ್ಮ ಹೆಂಡತಿಗೂ ಗೊತ್ತಾಗಲ್ಲ’ ಎಂದರು ಡಾಕ್ಟರು. ಹೆಂಡತಿ ಇಲ್ಲ ಎಂದೆ. ‘ಹಾಗಾದ್ರೆ ಇನ್ನೂ ಒಳ್ಳೇದು’ ಎಂದರು. ಏನು ಒಳ್ಳೆಯದು ಎಂದು ಕೇಳುವಷ್ಟರಲ್ಲಿ ಅವರು ಪಕ್ಕದ ಮಂಚದ ಹೊಟ್ಟೆಗೆ ಹೋಗಿದ್ದರು. ಸಂಶೋಧನೆಗೆ ಒಪ್ಪಿದರೆ ಆಸ್ಪತ್ರೆಯಿಂದ ಯಾರಾದರೂ ಆಗಾಗ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ ಎಂದು ನರ್ಸಮ್ಮ ತಿಳಿಸಿದರು. ತಕ್ಷಣ ಸಹಿ ಹಾಕಿದೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಹಾಕಿದೆ ಎಂದು ಮೊದಲು ಬರೆದಿದ್ದೆ. ಆ ವಾಕ್ಯವನ್ನು ಈಗ ಹೊಡೆದುಹಾಕಿದ್ದೇನೆ.

ಸುದ್ದಿ ತಿಳಿದು ಅಕ್ಕ ಬಂದಳು. ಅವಳು ಊರಲ್ಲಿ ರೇಷ್ಮೆ ಸಾಕುತ್ತಾಳೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಕಡಲೆಕಾಯಿ ಚೀಲ ಇಟ್ಟುಕೊಂಡು ಬಂದವಳು ನೀರು ಕುಡಿಯುವ ಮೊದಲೇ ‘ಎಲ್ಲೋ ಕುಯ್ದವ್ರೆ, ತೋರ್ಸು’ ಎಂದಳು. ನಾನು ಅಂಗಿ ಎತ್ತಿದೆ.

‘ಹೊಕ್ಳು ತೋರಿಸ್ತೀಯಲ್ಲೋ. ಅದನ್ನ ನೀನು ಹುಟ್ಟಿದಾಗ್ಲೇ ನೋಡಿವ್ನಿ.’

‘ಅದ್ರೊಳಗೇ ಕಣಕ್ಕ ಕುಯ್ದಿರೋದು.’

‘ಅಷ್ಟ್ರೊಳಗೆ ಕೈ ಹಾಕಿ ಪಿತ್ತಕೋಶ ಎಳ್ದ್ರಾ? ನಿನ್ನ ಯಾರೋ ಯಾಮಾರ್ಸವ್ರೆ ಬಿಡು. ಚಿಕ್ಕಪ್ಪಂಗೆ ಇಲ್ಲಿಂದ ಇಲ್ಲೀಗಂಟ ಕುಯ್ದಿದ್ರು, ಹೇಮಾವತಿ ಊರಿಂದೆಲ್ಲ ಗಾಡಿ ಮಾಡ್ಕಂಡು ಬಂದು ನೋಡ್ಕಂಡೋದ್ರು. ಆಪ್ರೇಸನ್ ಅಂದ್ರೆ ಅದು.’

ಭುಜ ನೋಯುತ್ತಿದೆ ಎಂದೆ. ಹೊಟ್ಟೆ ಕೊಯ್ಯಿಸಿಕೊಂಡವನಿಗೆ ಭುಜ ಯಾಕೆ ನೋಯಬೇಕು ಎಂದು ಅವಳ ಅನುಮಾನ ಇನ್ನೂ ಬಲವಾಯಿತು. ಒಳಗೆ ಜಾಗ ಕಾಣಲೆಂದು ಹೊಟ್ಟೆಗೆ ಗಾಳಿ ತುಂಬುತ್ತಾರೆ, ಅದು ಪೂರ್ತಿ ಹೋಗುವವರೆಗೆ ಭುಜಕ್ಕೆ ಚುಚ್ಚುತ್ತದೆ ಎಂದು ಪಾಠ ಮಾಡಿದೆ. ‘ಬೈಸ್ಕಲ್ಲಾ ನೀನು?’ ಎಂದಳು. ಎರಡು ದಿನ ಮುದ್ದೆ ಮೆತ್ತಗೆ ಮಾಡಿ ಹಾಕಿ, ಮೂರನೆಯ ಬೆಳಿಗ್ಗೆ ಹೊರಟು ನಿಂತಳು. ‘ಹುಳ ಜ್ವರಕ್ಕೆ ಕೂತವೆ ಕಣಪ್ಪ, ಎದ್ದೇಟ್ಗೆ ಸೊಪ್ಪು ಹಾಕ್ಬೇಕು’ ಎಂದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾನೂ ಮೇವು ಬಿಟ್ಟು ಅಲ್ಲಾಡದೆ ಕೂತಿದ್ದೆ. ಆದರೆ ನಾನು ಗೂಡು ಕಟ್ಟುವವನಲ್ಲ. ಅವಳು ಬಾಗಿಲಲ್ಲಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು ಎಂದು ಬರೆಯಲು ಕೈ ಹೋಗುತ್ತಿದೆ. ಅವಳು ತಿರುಗಿದ್ದು ಚಪ್ಪಲಿಗಾಗಿಯೂ ಇರಬಹುದು.

ಊರಿಗೆ ಹೋದ ಅಕ್ಕ ‘ಅವನಿಗೆ ಏನೂ ಆಗಿಲ್ಲ’ ಎಂಬ ಸಂತೋಷದ ಸುದ್ದಿಯನ್ನು ಹಂಚಿರಬೇಕು. ಯಾರೂ ಬರಲಿಲ್ಲ. ಸ್ಕೂಲಿನವರು ‘ಅದೇನು ಬಿಡಿ ಸಾರ್, ಈಗೆಲ್ಲ ಬೆಳಿಗ್ಗೆ ಹೋಗಿ ಸಾಯಂಕಾಲ ಬರ್ತಾರೆ’ ಎಂದು ಫೋನಿನಲ್ಲೇ ಮುಗಿಸಿದರು. ಬಂದವರಿಗೆಂದು ತಂದಿಟ್ಟ ಬಿಸ್ಕತ್ತುಗಳನ್ನು ನಾನೇ, ಬಂದವನ ಹಾಗೆ ಕುರ್ಚಿಯಲ್ಲಿ ಕೂತು, ಟೀಯಲ್ಲಿ ಅದ್ದಿಕೊಂಡು ತಿಂದೆ. ಆಸ್ಪತ್ರೆಯವರು ಒಂದು ಸಣ್ಣ ಡಬ್ಬಿಯಲ್ಲಿ ಕೊಟ್ಟಿದ್ದ ನನ್ನ ಕಲ್ಲುಗಳು ಟೀವಿಯ ಪಕ್ಕದಲ್ಲಿದ್ದವು. ಅಲ್ಲಾಡಿಸಿದರೆ ಸದ್ದಾಗುತ್ತಿತ್ತು. ಮನೆಯಲ್ಲಿ ಅಷ್ಟಾದರೂ ಮಾತಿತ್ತು.

ಬಂದದ್ದು ಸುಜಾತಾ ಅವರ ಫೋನು ಮಾತ್ರ. ಸುಜಾತಾ ಎಂದರೆ ಆ ಸಂಶೋಧನೆಯ ಪರವಾಗಿ ರೋಗಿಗಳಿಗೆ ಫೋನ್ ಮಾಡುವ ಹುಡುಗಿ. ‘ಸಾರ್, ಬಾಗುನ್ನಾರಾ?’ ಎಂದು ತೆಲುಗಿನಲ್ಲಿ ಆರಂಭಿಸಿ, ನನ್ನ ಉತ್ತರ ಕೇಳಿ ಕನ್ನಡಕ್ಕೆ ಬಂದು, ಪ್ರಶ್ನೆಗಳು ಶುರುವಾದೊಡನೆ ಯಾವ ಊರಿನಲ್ಲೂ ಯಾರೂ ಆಡದ ಕನ್ನಡಕ್ಕೆ ಏರುತ್ತಿದ್ದರು. ‘ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನಿಮ್ಮ ನೋವನ್ನು ಎಲ್ಲಿ ಇರಿಸುತ್ತೀರಿ?’ ‘ನೀವು ದೈನಂದಿನ ಚಟುವಟಿಕೆಗಳಿಗೆ ಮರಳಿದ್ದೀರಾ?’ ‘ಗಾಯದ ಗುರುತಿನ ಸೌಂದರ್ಯದ ಬಗ್ಗೆ ನಿಮಗೆಷ್ಟು ತೃಪ್ತಿಯಿದೆ?’ ಒಂದು ಅಂಕಿ ಸಾಕಾದಲ್ಲಿ ನಾನು ಪ್ರಬಂಧ ಹೇಳುತ್ತಿದ್ದೆ. ದೈನಂದಿನ ಚಟುವಟಿಕೆಗೆ ಮರಳಿದ್ದೇನೆ, ಆದರೆ ಮರಳುವಂಥದ್ದು ಅಲ್ಲಿ ಏನಿತ್ತು ಎಂದು ಯೋಚಿಸುತ್ತಿದ್ದೇನೆ ಎಂದೆ. ‘ಹೌದು ಅಂತ ಹಾಕ್ಲಾ ಸಾರ್?’ ಎಂದರು. ಹೋದ ಸಲಕ್ಕಿಂತ ನೋವು ಹೆಚ್ಚೋ ಕಡಿಮೆಯೋ ಎಂದು ಕೇಳಿದಾಗ ಮಾತ್ರ ನಿಜವಾಗಿ ತಬ್ಬಿಬ್ಬಾಗುತ್ತಿದ್ದೆ. ಹೋದ ಸಲದ ನೋವು ಎಲ್ಲಿದೆ? ನನ್ನ ಬಳಿ ಇರುವುದು ಅದರ ಬಗ್ಗೆ ನಾನು ಆಗ ಹೇಳಿದ ಮಾತು. ಮಾತಿಗೂ ನೋವಿಗೂ ಹೋಲಿಕೆ ಹೇಗೆ ಎಂದು ವಿವರಿಸಿದರೆ ಸುಜಾತಾ ತಾಳ್ಮೆಯಿಂದ ಕೇಳಿ, ‘ಹಾಗೇ ಇದೆ ಅಂತ ಹಾಕ್ತೀನಿ ಸಾರ್’ ಎನ್ನುತ್ತಿದ್ದರು. ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದವರು ಬಹಳ ಕಾಲದಿಂದ ಯಾರೂ ಇರಲಿಲ್ಲ. ಕೇಳದಿದ್ದರೆ ಅವರಿಗೆ ಸಂಬಳವಿಲ್ಲ ಎಂಬುದು ಬೇರೆ ಮಾತು.

ನೋವು ನಾಲ್ಕರಿಂದ ಮೂರಕ್ಕೆ, ಒಂದಕ್ಕೆ, ಸೊನ್ನೆಗೆ ಇಳಿಯಿತು. ಒಂದು ಸಂಜೆ ಸುಜಾತಾ, ‘ಇದೇ ಕೊನೇ ಫೋನು ಸಾರ್’ ಎಂದರು. ನಾನು ಕುರ್ಚಿ ಎಳೆದು ಕೂತೆ. ‘ಇವತ್ತು ಎರಡು ಪ್ರಶ್ನೆಗೆ ನಿಮ್ಮ ಮನೆಯವರು ಉತ್ತರ ಹೇಳ್ಬೇಕು. ಯಾರಾದ್ರೂ ಇದಾರಾ?’

ನಾನು ಮನೆಯನ್ನೊಮ್ಮೆ ನೋಡಿದೆ. ಇಲ್ಲ ಎಂದೆ.

‘ದಿನಾ ನಿಮ್ಮನ್ನ ನೋಡೋರು ಯಾರಾದ್ರೂ ಆಗುತ್ತೆ ಸಾರ್. ಯಾರೂ ಇಲ್ಲ ಅಂದ್ರೆ ನಿಮ್ದು ಅಪೂರ್ಣ ಅಂತ ಪಕ್ಕಕ್ಕೆ ಇಡ್ತಾರೆ. ಇಷ್ಟು ದಿನದ್ದೆಲ್ಲ ಲೆಕ್ಕಕ್ಕೆ ಬರಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಡ್ಲಾ?’

ಅಪೂರ್ಣ ಎಂಬುದು ಹೊಸ ಸುದ್ದಿಯೇನಲ್ಲ. ಆದರೆ ಹೀಗೆ ಅಧಿಕೃತವಾಗಿ ಆಗಿಬಿಡುವುದು ಬೇಡವೆನಿಸಿತು. ಕೆಳಗಿನ ಮನೆಯಲ್ಲಿ ವನ್ನೂರಪ್ಪನವರದ್ದು ಜೀನ್ಸ್ ಹೊಲಿಯುವ ಕಾರ್ಖಾನೆ. ಕಾರ್ಖಾನೆಯೆಂದರೆ ಒಂದು ಹಜಾರ, ನಾಲ್ಕಾರು ಮಷಿನ್ನು. ನಾನು ಮೇಲಿನ ಮನೆಯಲ್ಲಿದ್ದ ಇಷ್ಟು ವರ್ಷಗಳಲ್ಲಿ ನಾವು ನೀರಿನ ಮೋಟರಿನ ಆಚೆಗೆ ಮಾತಾಡಿದವರಲ್ಲ. ಮೆಟ್ಟಿಲಿಳಿದು ಬಾಗಿಲಲ್ಲಿ ನಿಂತೆ.

‘ಬರ್ರಿ ಸರ. ಮೋಟರ್ ಬಂದ್ ಮಾಡ್ಲೇನ್ರಿ?’

‘ಅದಲ್ಲ. ಒಂದು ಹೊಟ್ಟೆ ನೋಡಬೇಕಿತ್ತು.’

‘ಯಾರದ್ರಿ?’

‘ನನ್ನದು.’

‘ಆಪಂಡ್ರಾ ಕಾಸೇಪು!’ ಎಂದು ಅವರು ಹೊಲಿಯುವ ಹುಡುಗರಿಗೆ ತೆಲುಗಿನಲ್ಲಿ ಕೂಗಿದರು. ಮಷಿನ್ನುಗಳೆಲ್ಲ ಒಟ್ಟಿಗೆ ನಿಂತವು. ವನ್ನೂರಪ್ಪ ಕನ್ನಡಕ ಒರೆಸಿ, ಮಷಿನ್ನಿನ ದೀಪವನ್ನು ನನ್ನ ಕಡೆ ತಿರುಗಿಸಿ, ಬಗ್ಗಿದರು. ಆಪರೇಷನ್ ಆಗಿದ್ದೇ ಅವರಿಗೆ ಗೊತ್ತಿರಲಿಲ್ಲ. ‘ಹೇಳಬಾರ್ದೇನ್ರಿ ಸರ, ಮ್ಯಾಲ ಇದ್ಕೊಂಡು? ಯಾರ್ ಹೊಲದಾರ್ರಿ ಇದನ್ನ? ಹೊಲಿಗಿ ಎಲ್ಲೈತಿ ಅಂತನ ಕಾಣವಲ್ದು. ನಾವ್ ಹಿಂಗ ಹೊಲದ್ರ ಸೇಟು ವಾಪಸ್ ಕಳಸ್ತಾನ. ಜೀನ್ಸಿಗೆ ದಪ್ಪ ದಾರ ಎದ್ದು ಕಾಣ್ಬೇಕ್ರಿ, ಆಗ ಮಂದಿ ತಗೋತಾರ.’

ಮಂದಿ ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಯೋಚಿಸುತ್ತಿರುವಾಗಲೇ ಫೋನು ಬಂತು. ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ.

‘ರೋಗಿಗೆ ನೀವು ಏನಾಗಬೇಕು?’ ಎಂದರು ಸುಜಾತಾ.

‘ಅವ್ರು ಮ್ಯಾಲ ಇರ್ತಾರ, ನಾವು ಕೆಳಗ. ಅದ ಸಂಬಂಧರಿ ಮೇಡಂ.’

‘ಗಾಯದ ಗುರುತಿನ ಸೌಂದರ್ಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’

‘ಹತ್ತಕ್ಕ ಹತ್ತು ಹಾಕ್ರಿ.’

‘ನಿಮ್ಮ ಅಭಿಪ್ರಾಯದಲ್ಲಿ ರೋಗಿಗೆ ಈಗ ನೋವು ಎಷ್ಟಿದೆ?’

ನಾನು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ತೋರಿಸಿದೆ. ವನ್ನೂರಪ್ಪ ಅತ್ತ ನೋಡಲಿಲ್ಲ. ‘ಎರಡು ಬರ್ಕೊಳ್ರಿ’ ಎಂದರು.

‘ಅವರು ಸೊನ್ನೆ ಅಂದಿದ್ರಲ್ಲ?’

‘ಅವ್ರು ಅಂತಾರ್ರಿ. ನಮ್ ಮಷಿನ್ ನಿಂತ ಮ್ಯಾಲ ಅವ್ರು ಒಬ್ರ ಅಡ್ಡಾಡೋ ಸಪ್ಪಳ ಕೇಳಸ್ತೈತಿ. ಈ ಗ್ವಾಡಿಯಿಂದ ಆ ಗ್ವಾಡಿತನ. ನೋವಿಲ್ದಾರು ಯಾಕ ಅಷ್ಟ್ ಅಡ್ಡಾಡ್ತಾರ್ರಿ?’

ಸಂಶೋಧನೆಯ ಕನ್ನಡದಲ್ಲಿ ಇದಕ್ಕೆ ಜಾಗವಿರಲಿಲ್ಲವೆಂದು ತೋರುತ್ತದೆ. ಆಮೇಲೆ ಸುಜಾತಾ, ನೋವು ಇನ್ನೂ ಇದೆಯೆಂದಾದರೆ ಅದು ಹೋಗುವವರೆಗೆ ಫೋನ್ ಮಾಡಬೇಕಾಗುತ್ತದೆ, ಸಾರ್ ನಂಬರಿಗೇ ಮಾಡಲಾ ಎಂದರು. ನಾನು ಹೂಂ ಎನ್ನಲು ಬಾಯಿ ತೆರೆದೆ. ‘ಬ್ಯಾಡ್ರಿ, ನನ್ನ ನಂಬರಿಗೆ ಮಾಡ್ರಿ’ ಎಂದರು ವನ್ನೂರಪ್ಪ. ‘ಸರ ಸುಮ್ನ ಸೊನ್ನಿ ಸೊನ್ನಿ ಅಂತಾರ.’

ಹೀಗೆ ನನಗೆ ಬರುತ್ತಿದ್ದ ಒಂದೇ ಫೋನು ಕೆಳಗಿನ ಮನೆಗೆ ಹೋಯಿತು. ಈಗ ಫೋನು ಬರುವ ದಿನ ವನ್ನೂರಪ್ಪ ಮೇಲೆ ಬರುತ್ತಾರೆ. ಒಮ್ಮೆ ಬ್ರೆಡ್ಡನ್ನೂ ತಂದಿದ್ದರು. ‘ಎತ್ರಿ ಸರ ಅಂಗಿ’ ಎನ್ನುತ್ತಾರೆ, ಬಗ್ಗಿ ನೋಡುತ್ತಾರೆ, ತಮ್ಮ ಭಾವನಿಗೆ ಎಷ್ಟುದ್ದ ಕೊಯ್ದಿದ್ದರು ಎಂದು ಕೈ ಅಗಲಿಸಿ ತೋರಿಸುತ್ತಾರೆ. ಟೀ ಕುಡಿಯುತ್ತಾ ನನ್ನ ಎದುರಿಗೇ ನನ್ನ ನೋವಿನ ಅಂಕಿ ಹೇಳುತ್ತಾರೆ; ನನ್ನನ್ನು ಕೇಳುವ ಪದ್ಧತಿ ಇಲ್ಲ. ಹೋದ ಸಲ ‘ಸರ ಈಗ ಆರಾಮ ಅದಾರ’ ಎಂದು ಅದನ್ನು ಒಂದಕ್ಕೆ ಇಳಿಸಿದರು.

ಅವರು ಕೆಳಗೆ ಹೋಗಿ, ಮಷಿನ್ನುಗಳು ನಿಲ್ಲುವವರೆಗೆ ಕಾದೆ. ಆಮೇಲೆ ಎದ್ದು, ಮನೆಯೊಳಗೇ ಚಪ್ಪಲಿ ಹಾಕಿಕೊಂಡು, ಈ ಗೋಡೆಯಿಂದ ಆ ಗೋಡೆಯವರೆಗೆ ಸ್ವಲ್ಪ ಜೋರಾಗಿಯೇ ಅಡ್ಡಾಡಿದೆ.