ಸೂಪು ಅಡಾ ಆಂಟಿಯದು, ಹೆಸರು ನನ್ನದು

ನಮಗೆ ಸೇರಬೇಕಾದ ಹೊಗಳಿಕೆ ಬೇರೆಯವರ ಪಾಲಾದರೆ ಊರಿಗೆಲ್ಲ ಸಾರಿಕೊಂಡು ಬರುತ್ತೇವೆ. ಬೇರೆಯವರದು ತಪ್ಪಿ ನಮ್ಮ ಪಾಲಿಗೆ ಬಂದರೆ ಮಾತ್ರ ಸದ್ದಿಲ್ಲದೆ ನುಂಗಿಕೊಳ್ಳುತ್ತೇವೆ. ನಾನಂತೂ ಒಮ್ಮೆ ಒಂದು ವಾರ ಪೂರ್ತಿ ನುಂಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನ ಹೌನ್ಸ್ಲೋದ ಫ್ಲಾಟಿನಲ್ಲಿದ್ದಾಗ, ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಬರಬೇಕಿದ್ದ ಅತ್ತೆಯವರಿಗೆ ವೀಸಾ ಸಿಗಲಿಲ್ಲ. ಮಂಡ್ಯದಿಂದ ಫೋನಿನಲ್ಲೇ ಅಪ್ಪಣೆಯಾಯಿತು: "ಹೊರಗಿಂದು ಏನೂ ಕೊಡ್ಬ್ಯಾಡಿ ಅಳಿಯಂದ್ರೇ, ನೀವೇ ಸಾರು ಕಾಯ್ಸಿ." ಕಾಯಿಸಿದೆ. ನನ್ನ ಹೆಂಡತಿ ಶಾರದೆ ಎರಡು ಗುಟುಕು ಕುಡಿದು ಬಟ್ಟಲು ಪಕ್ಕಕ್ಕಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮೂರು ದಿನ ಹೀಗೇ ಆದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎದುರು ಫ್ಲಾಟಿನ ಅಡಾ ಆಂಟಿ ನೈಜೀರಿಯಾದ ಇಗ್ಬೊ ಜನದವರು. ಲಿಫ್ಟಿನಲ್ಲಿ ನನ್ನ ಮುಖ ನೋಡಿ ವಿಷಯ ಕೇಳಿದವರು ಸಂಜೆಗೇ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ನ್ಸಾಲಾ ಸೂಪು. ತಾಳೆಣ್ಣೆ ಹಾಕದ ಬಿಳಿ ಸಾರು. ಕೋಳಿ, ಖಾರ, ಚೂರು ಕಹಿ ಎಲೆ, ಮಂದವಾಗಲೆಂದು ಯಾಮ್ ಎಂಬ ಗೆಡ್ಡೆ ಬೇಯಿಸಿ ಕುಟ್ಟಿ ಹಾಕಿದ್ದು. ಅವರಲ್ಲಿ ಮಗಳು ಹೆತ್ತರೆ ತಾಯಿ ಬಂದು ನಿಂತು ಇದನ್ನು ಮಾಡಿ ಕುಡಿಸಬೇಕಂತೆ. "ಅವಳ ತಾಯಿ ಬರೋವರೆಗೂ ನಾನಿದ್ದೀನಿ" ಎಂದರು.

ಅತ್ತೆಯವರ ಅಪ್ಪಣೆ ಮೀರುವ ಧೈರ್ಯ ನನಗಿಲ್ಲ. ಸೂಪನ್ನು ನಮ್ಮ ಸ್ಟೀಲ್ ಪಾತ್ರೆಗೆ ಬಗ್ಗಿಸಿ, ನಾನೇ ಮಾಡಿದ್ದು ಎಂದೆ. ಶಾರದೆ ಬಟ್ಟಲು ಬರಿದು ಮಾಡಿ ಕಣ್ಣೊರೆಸಿಕೊಂಡಳು. "ಅಮ್ಮನೇ ಮಾಡ್ದಂಗಿದೆ ಕಣ್ರೀ." ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು "ಇನ್ನೊಂಚೂರು ಹಾಕ್ಲಾ?" ಎಂದೆ.

ದಿನಾ ಸಂಜೆ ಪಾತ್ರೆ ಬಂತು, ದಿನಾ ಹೊಗಳಿಕೆಯೂ ಬಂತು. ವಾರದ ಮೇಲೆ ಆಂಟಿ ಮಗು ನೋಡಲು ಬಂದರು. ಶಾರದೆ ಹೆಮ್ಮೆಯಿಂದ "ನಮ್ಮನೆಯವರ ಕೈರುಚಿ ನೋಡಿ" ಎಂದು ಅವರ ಸೂಪನ್ನು ಅವರಿಗೇ ಕೊಟ್ಟಳು. ಆಂಟಿ ಒಂದು ಚಮಚ ಕುಡಿದು ನನ್ನನ್ನು ನೋಡಿದರು. ನಾನು ಮಗುವಿನ ಕುಲಾವಿ ಸರಿಮಾಡತೊಡಗಿದೆ. "ಇಂಥ ಗಂಡ ಇರುವಾಗ ನಿನಗೆ ಬೇರೆ ಯಾರೂ ಬೇಕಿಲ್ಲಮ್ಮ" ಎಂದು ಎದ್ದು ಹೋದರು. ಮರುದಿನ ಪಾತ್ರೆ ಬರಲಿಲ್ಲ.

ಹೋಗಿ ಬಾಗಿಲು ತಟ್ಟಿ ತಪ್ಪೊಪ್ಪಿಕೊಂಡೆ. ಆಂಟಿ ಬೈಯಲಿಲ್ಲ, ಒರಳು ಒನಕೆ ಮುಂದಿಟ್ಟರು. ಕುಟ್ಟಿ ಕುಟ್ಟಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವರ ಕಾವಲಿನಲ್ಲಿ, ಒಂದೊಂದು ಎಲೆಯನ್ನೂ ಅವರು ಹೇಳಿದಂತೆಯೇ ಹೆಚ್ಚಿ, ಜೀವಮಾನದಲ್ಲಿ ಮೊದಲ ಬಾರಿಗೆ ಆ ಸೂಪನ್ನು ನಿಜವಾಗಿ ನಾನೇ ಮಾಡಿದೆ. ಬಿಸಿಬಿಸಿಯಾಗಿ ತಂದುಕೊಟ್ಟೆ. ಶಾರದೆ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು.

"ಯಾಕ್ರೀ, ಇವತ್ತು ಮನಸ್ಸಿಟ್ಟು ಮಾಡ್ಲಿಲ್ವಾ?"