ಸೂರ್ಯನಿಗೆ ಕಟ್ಟಿದ ಬಾಳೆಕಂದು

ಭೂಮಿ ಇನ್ನು ಬಿಸಿಯಾಗಲು ಬಿಡಬಾರದೆಂದು ಹನುಮಂತರಾಜು ತೀರ್ಮಾನಿಸಿದ ದಿನ ತುಮಕೂರಿನ ಸದಾಶಿವನಗರದಲ್ಲಿ ಯಾರಿಗೂ ಅದರ ಸುಳಿವಿರಲಿಲ್ಲ. ಹೆಂಡತಿ ನೇತ್ರಾವತಿಗೆ ಮಾತ್ರ ತಿಳಿಯಿತು. ತಾರಸಿಯ ಮೇಲೆ ಅವಳು ಹಪ್ಪಳ ಒಣಗಿಸುವ ಜಾಗದಲ್ಲಿ ಎಂಟು ಸೋಲಾರ್ ಪ್ಯಾನೆಲ್‌ಗಳು ಬಂದು ಕೂತಿದ್ದವು!

"ಡೆನ್ಮಾರ್ಕ್‌ನೋರು ಗಾಳೀಲಿ ಕರೆಂಟ್ ತೆಗೀತಾರೆ, ಪಾವಗಡದೋರು ಬಿಸಿಲಲ್ಲಿ ತೆಗೀತಾರೆ. ಸದಾಶಿವನಗರಕ್ಕೆ ಯಾರಿದಾರೆ ಹೇಳು?"

"ನೀವಿದೀರಲ್ಲ! ಮೊದ್ಲು ನನ್ನ ಹಪ್ಪಳಕ್ಕೆ ಜಾಗ ತೋರ್ಸಿ."

ದಂಡಯಾತ್ರೆಯ ಮುಂದಿನ ಗುರಿ ಮಾವ ಚಿಕ್ಕಮಾರಯ್ಯ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಅವರ ತೆಂಗಿನ ತೋಟ, ತೋಟದಲ್ಲೊಂದು ಹೊಗೆ ಕಾರುವ ಡೀಸೆಲ್ ಪಂಪು. ಅದನ್ನು ಕಿತ್ತು ಸೋಲಾರ್ ಪಂಪು ಹಾಕಿಸಲು ಅಳಿಯ ಅರ್ಜಿ ತುಂಬಿಟ್ಟಿದ್ದ. ಮಾವನ ರುಜು ಒಂದೇ ಬಾಕಿ.

"ಕಣ್ಣಾರೆ ನೋಡ್ದೆ ರುಜು ಹಾಕಾಕಿಲ್ಲ," ಎಂದಿದ್ದರು ಅವರು.

"ವಿಜಯದಶಮಿಗೆ ಬನ್ನಿ ಮಾವ. ಮೇನ್ ಸ್ವಿಚ್ ಆಫ್ ಮಾಡಿ, ಬರೀ ಬಿಸಿಲಲ್ಲಿ ಒಬ್ಬಟ್ಟು ಬೇಯ್ಸಿ ಬಡಿಸ್ತೀವಿ!"

ಹಿಂದಿನ ದಿನ ಆಯುಧಪೂಜೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆ ಒಂದೊಂದು ಬೊಟ್ಟು ಬಿತ್ತು. ಆದರೆ ಭೂಮಿಯನ್ನೇ ಉಳಿಸಲು ಹೊರಟ ಪ್ಯಾನೆಲ್‌ಗೆ ಬರೀ ಬೊಟ್ಟು ಸಾಕೇ? ಬೆಳಗ್ಗೆ ಪೂಜೆ ಸಾಮಾನು ಹೊತ್ತು ತಾರಸಿ ಹತ್ತಿದ ಹನುಮಂತರಾಜು ಇಳಿದದ್ದು ಮಧ್ಯಾಹ್ನಕ್ಕೆ.

"ಅಷ್ಟೊತ್ತು ಏನ್ ಮಾಡಿದ್ರಿ ರೀ?"

"ದುಡಿಯೋ ದೇವ್ರಿಗೆ ಕೈ ಬಿಗಿ ಹಿಡೀಬಾರ್ದು ಕಣೇ."

ಸಂಜೆ ಬಾಗಿಲಿಗೆ ಸೀರಿಯಲ್ ಸೆಟ್ ಕಟ್ಟಿ, ಸೋಲಾರ್ ಬ್ಯಾಟರಿಯಲ್ಲಿದ್ದ ಕರೆಂಟನ್ನೂ ಭಕ್ತಿಯಿಂದ ಬಹುಪಾಲು ಖಾಲಿ ಮಾಡಿದ.

ಮರುದಿನ ಎಳನೀರಿನ ಚೀಲದೊಂದಿಗೆ ಮಾವ ಬಂದರು. ಹನುಮಂತರಾಜು ಸೂರ್ಯನಿಗೆ ಪಟ್ಟ ಕಟ್ಟುವವನಂತೆ ಗಂಭೀರವಾಗಿ ಮೇನ್ ಸ್ವಿಚ್ ಆರಿಸಿದ. ನೇತ್ರಾವತಿ ಇಂಡಕ್ಷನ್ ಒಲೆಯ ಮೇಲೆ ಮೊದಲ ಒಬ್ಬಟ್ಟು ಹಾಕಿದಳು. ಒಂದು ಮಗ್ಗುಲು ಬೆಂದಿತು. ಮಗುಚಿದಳು. ಒಲೆ 'ಟುಂಯ್' ಎಂದು ಕಣ್ಣು ಮುಚ್ಚಿತು. ಫ್ಯಾನೂ ನಿಂತಿತು.

"ಸೂರ್ಯ ಎಲ್ಲೋದ ಅಳಿಯಂದ್ರೆ?"

"ಮೋಡ ಮಾವ, ಮೋಡ!"

ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು.

"ರೀ, ಮೇನ್ ಹಾಕಿ. ಒಬ್ಬಟ್ಟು ಅರ್ಧ ಹಸಿ ಇದೆ!"

"ಪ್ರಾಣ ಹೋದ್ರೂ ಹಾಕಲ್ಲ!" ಎಂದವನೇ ಪ್ಯಾನೆಲ್ ಕಂಪನಿಗೆ ಫೋನ್ ಹಚ್ಚಿದ. "ಏನ್ರೀ, ಎಂಥಾ ಕಳಪೆ ಮಾಲು ಕೊಟ್ಟಿದೀರಿ!"

"ಸರ್, ಪ್ಯಾನೆಲ್ ಮೇಲೆ ನೆರಳೇನಾದ್ರೂ ಬಿದ್ದಿದ್ಯಾ?" ಎಂದಿತು ಅತ್ತಲಿನ ಹೆಣ್ಣುದನಿ.

"ನೆರಳಾ? ನಮ್ಮ ತಾರಸಿ ಮೇಲೆ ಕಾಗೆ ನೆರಳೂ ಬೀಳಲ್ಲ ಕಣಮ್ಮ!" ಎಂದು ಗುಡುಗುತ್ತಲೇ ಮೆಟ್ಟಿಲು ಹತ್ತಿದ.

ಮಾವ ಆಗಲೇ ಮೇಲೆ ಹೋಗಿ ಕೈಮುಗಿದು ನಿಂತಿದ್ದರು. ಪ್ಯಾನೆಲ್‌ಗಳ ನಾಲ್ಕು ಮೂಲೆಗೂ ಆಳೆತ್ತರದ ಬಾಳೆಕಂದು, ಕೊಡೆಯಂತೆ ಹರಡಿದ ಎಲೆ. ಉದ್ದಕ್ಕೂ ಚೆಂಡುಹೂವಿನ ಸಾಲು. ಒಂದೊಂದು ಪ್ಯಾನೆಲ್‌ಗೂ ಅಂಗೈ ಅಗಲದ ಮೂರು ಪಟ್ಟೆ ವಿಭೂತಿ, ನಡುವೆ ತಟ್ಟೆಯಗಲದ ಕುಂಕುಮ!

ಹನುಮಂತರಾಜು ಮೆಲ್ಲಗೆ ಫೋನ್ ಇಟ್ಟ. ಹಿಂದೆಯೇ ಬಂದ ನೇತ್ರಾವತಿ ಎಂದಳು, "ಮೋಡ ಬಾಳ ಚೆನ್ನಾಗಿ ಕಟ್ಟಿದೀರಿ ರೀ."

ಮಾವ ಪಂಚೆ ಎತ್ತಿಕಟ್ಟಿ ಬಾಳೆಕಂದು ಕಿತ್ತರು. ಅಳಿಯ ತಲೆ ತಗ್ಗಿಸಿ ಪೈಪು ಹಿಡಿದು ಎಂಟೂ ಪ್ಯಾನೆಲ್ ತೊಳೆದ. ಸ್ವಲ್ಪ ಹೊತ್ತಿಗೆ ಒಲೆ ಕಣ್ಣು ಬಿಟ್ಟಿತು, ಒಬ್ಬಟ್ಟು ಬೆಂದಿತು. ಮಾವ ತುಪ್ಪ ಹಾಕಿಸಿಕೊಂಡು ನಾಲ್ಕು ತಿಂದರು.

"ಪೆನ್ ಕೊಡಿ ಅಳಿಯಂದ್ರೆ. ಸೋಲಾರ್ ಹಾಕುಸ್ತೀನಿ."

ಹನುಮಂತರಾಜುವಿನ ಎದೆ ಮತ್ತೆ ಉಬ್ಬಿತು. ಮಾವ ನಿಧಾನವಾಗಿ ರುಜು ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.

"ಆದ್ರೆ ಒಂದ್ ಮಾತು. ಆಯುಧಪೂಜೆ ದಿನ ಮಾತ್ರ ನೀವು ಕೊತ್ತಗೆರೆ ಕಡೆ ಕಾಲಿಕ್ಬ್ಯಾಡಿ!"